ಬಟ್ಟಲಲ್ಲಿ ಸತ್ತ ಕ್ಯಾನ್ಸರ್, ಮರದಲ್ಲಿ ನೇತಾಡುವ ಲಕ್ಷ್ಮಣ ಫಲ

ಇವತ್ತಿನ ಟಿಪ್ಪಣಿ ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರವೂ ಇದೆ. ಬೈಯುವವರು ಪೂರ್ತಿ ಓದಿಯೇ ಬೈಯಿರಿ.

ವಿಷಯ ಲಕ್ಷ್ಮಣ ಫಲದ್ದು. ನಮ್ಮ ಕಡೆ ಈಗ ಯಾವ ನರ್ಸರಿಗೆ ಹೋದರೂ ಅದರ ಗಿಡದ ಪಕ್ಕ ಒಂದು ಬೋರ್ಡು. "ಕ್ಯಾನ್ಸರ್ ನಿವಾರಕ", "ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ". ಅದೇ ಜಾತಿಯ ಸೀತಾಫಲದ ಗಿಡಕ್ಕೆ ಒಂದು ರೇಟು, ಇದಕ್ಕೆ ಇನ್ನೊಂದು. ಮಳೆಗಾಲ ಶುರುವಾದರೆ ವಾಟ್ಸ್ಯಾಪಿನಲ್ಲಿ ಅದೇ ಫಾರ್ವರ್ಡ್ ಮತ್ತೆ ಚಿಗುರುತ್ತೆ. ನನ್ನ ತೋಟದ ಅಂಚಿನಲ್ಲೂ ಈ ಮರ ಇದೆ ಅಂತ ಗೊತ್ತಿರುವುದರಿಂದ ಎಲೆ ಕೇಳಿ ಫೋನ್ ಬರುತ್ತೆ. ಹಣ್ಣು ಕೇಳಿದವರಿಗೆ ಕೊಡುತ್ತೇನೆ. ಕ್ಯಾನ್ಸರ್‌ಗೆ ಅಂತ ಎಲೆ ಕೇಳಿದವರಿಗೆ ಕೊಡುವುದಿಲ್ಲ. "ಒಂದು ಎಲೆಗೂ ಇಷ್ಟು ಜಿಪುಣತನವಾ" ಅಂತ ಕೆಲವರು ಅಂದಿದ್ದಾರೆ. ಜಿಪುಣತನ ಅಲ್ಲ, ಕಾರಣ ಇದೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ನಾವು ತಿನ್ನುವ ಸೊಪ್ಪು, ಹಣ್ಣು, ಬೇರುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವುದಕ್ಕೆ ನನ್ನ ವಿರೋಧ ಇಲ್ಲ. ಮಾಡಲಿ, ಬೇಕಾದಷ್ಟು ಮಾಡಲಿ. ನನ್ನ ಜಗಳ ಇರುವುದು ಆ ಪರೀಕ್ಷೆಯ ಮೊದಲ ಮೆಟ್ಟಿಲನ್ನೇ ಮಾಳಿಗೆ ಅಂತ ತೋರಿಸಿ ಗಿಡ ಮಾರುವವರ ಹತ್ತಿರ. ಅದಕ್ಕೆ ತಲೆ ಆಡಿಸುವ ನಮ್ಮ ಹತ್ತಿರವೂ ಹೌದು.

ಆ ಮೊದಲ ಮೆಟ್ಟಿಲಲ್ಲಿ ಏನು ಮಾಡ್ತಾರೆ? ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡ್ತಾರೆ. ಮೆಥನಾಲ್ ಅಥವಾ ಎಥನಾಲಿನಲ್ಲಿ ನೆನೆಸಿ, ದ್ರಾವಕ ಆವಿ ಮಾಡಿದರೆ ಅಂಟಂಟಾದ ಸಾರ ಉಳಿಯುತ್ತೆ. ಇನ್ನೊಂದು ಕಡೆ ಕ್ಯಾನ್ಸರ್ ಕೋಶಗಳು ಬೇಕು. ಅವು ಪ್ಲಾಸ್ಟಿಕ್ ಬಟ್ಟಲಲ್ಲಿ ಬೆಳೆಸುವ ಕೋಶಗಳು. ಹೆಚ್ಚು ಹೆಸರು ಕೇಳುವ ಹೀಲಾ ಕೋಶಗಳು 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದವು, ಇವತ್ತಿಗೂ ಲೋಕದ ತುಂಬ ಬೆಳೆಯುತ್ತಲೇ ಇವೆ. ನಮ್ಮ ದೇಶದ ಎಷ್ಟೋ ಕಾಲೇಜುಗಳು ಇಂಥ ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳುತ್ತವೆ. 96 ಗುಳಿಯ ತಟ್ಟೆಯಲ್ಲಿ ಕೋಶ ಹಾಕಿ, ಮೇಲೆ ಸಾರ ಬಿಟ್ಟು, ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಹಾಕ್ತಾರೆ. ಜೀವ ಇರುವ ಕೋಶ ಅದನ್ನು ನೇರಳೆ ಮಾಡುತ್ತೆ. ನೇರಳೆ ಕಮ್ಮಿ ಆದರೆ ಕೋಶ ಸತ್ತಿದೆ ಅಂತ ಲೆಕ್ಕ. ಅರ್ಧ ಕೋಶ ಸಾಯಲು ಎಷ್ಟು ಸಾರ ಬೇಕಾಯಿತೋ ಅದೇ ಫಲಿತಾಂಶ. ಫಾರ್ವರ್ಡುಗಳಲ್ಲಿ ಬರುವ "ಸಂಶೋಧನೆಯಿಂದ ಸಾಬೀತು" ಎಂಬ ಮಾತಿನ ಹಿಂದೆ ಬಹುತೇಕ ಇರುವುದು ಇಷ್ಟೇ.

ಇದು ಉಪಯೋಗವಿಲ್ಲದ ಕೆಲಸ ಅಲ್ಲ. ಆದರೆ ಇದು ಉತ್ತರ ಅಲ್ಲ, ಪ್ರಶ್ನೆ. ಬಟ್ಟಲಲ್ಲಿ ಕೋಶ ಸಾಯಿಸುವುದು ದೊಡ್ಡ ವಿಷಯವೇ ಅಲ್ಲ. ಉಪ್ಪು ಹೆಚ್ಚಾದರೂ ಸಾಯುತ್ತೆ, ಸೋಪಿನ ನೀರು ಬಿಟ್ಟರೂ ಸಾಯುತ್ತೆ.

ನಮಗೆ ಇದು ಅರ್ಥ ಆಗದ ಸಂಗತಿ ಏನಲ್ಲ. ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವುದು ಮೈಲುತುತ್ತು. ಹಾಗಂತ ಬರೀ ಮೈಲುತುತ್ತು ಕಲಸಿ ಅಡಿಕೆ ಗೊನೆಗೆ ಹೊಡೀತೀವಾ? ಹೊಡೆದರೆ ಕಾಯಿ, ಸಿಂಗಾರ, ಎಲೆ ಎಲ್ಲಾ ಸುಟ್ಟು ಹೋಗುತ್ತೆ. ಒಂದು ಕೆ.ಜಿ. ತುತ್ತಿಗೆ ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು, ಆಮೇಲೆ ಚಾಕು ಅದ್ದಿ ನೋಡುವುದು. ಇಷ್ಟೆಲ್ಲ ಮಾಡುವುದು ಯಾಕೆ? ರೋಗ ಸಾಯಬೇಕು, ಮರ ಉಳೀಬೇಕು. ಔಷಧ ಅಂದರೆ ಅದು. ರೋಗವನ್ನು ಕೊಲ್ಲುತ್ತೆ ಅನ್ನುವುದು ಅರ್ಧ ಮಾತು, ಮರವನ್ನು ಉಳಿಸುತ್ತೆ ಅನ್ನುವುದು ಇನ್ನರ್ಧ. ಎಲೆಚುಕ್ಕೆ ರೋಗಕ್ಕೆ ಲ್ಯಾಬಿನ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಔಷಧ ನಮ್ಮ ಮಳೆಯಲ್ಲಿ, ನಮ್ಮ 50 ಅಡಿ ಮರದ ತುದಿಯಲ್ಲಿ ಎಷ್ಟು ಕೆಲಸ ಮಾಡುತ್ತೆ ಅಂತ ನಾವು ಪ್ರತಿ ವರ್ಷ ನೋಡ್ತಾ ಇದ್ದೀವಿ. ಶಿಲೀಂಧ್ರದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಮನುಷ್ಯನ ದೇಹದ ವಿಷಯಕ್ಕೆ ಬಂದಾಗ ಯಾಕೆ ಬೋರ್ಡು ನೋಡಿ ನಂಬಿಬಿಡ್ತೀವಿ?

ಈಗ ಆ 10,000 ಪಟ್ಟಿನ ಕಥೆ. ಅದು ಪೂರ್ತಿ ಕಟ್ಟುಕತೆ ಅಲ್ಲ, ಅದೇ ತೊಂದರೆ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ಲಕ್ಷ್ಮಣ ಫಲದ ಬೀಜದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿ ಪ್ರಕಟಿಸಿತು. ಅವುಗಳ ಗುಂಪಿನ ಹೆಸರು ಅಸಿಟೋಜೆನಿನ್. ಅದರಲ್ಲಿ ಒಂದು, ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶದ ಮೇಲೆ, ಬಟ್ಟಲಲ್ಲಿ, ಆಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ 10,000 ಪಟ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಗಮನಿಸಿ: ಬೀಜದ್ದು, ಎಲೆಯದ್ದಲ್ಲ. ಶುದ್ಧ ಮಾಡಿದ ಒಂದು ರಾಸಾಯನಿಕ, ಕಷಾಯ ಅಲ್ಲ. ಒಂದು ಜಾತಿಯ ಕೋಶ, ರೋಗಿ ಅಲ್ಲ. ಈ ಮೂರು ಮಾತು ದಾರಿಯಲ್ಲಿ ಉದುರಿ ಹೋಗಿ, ನಮ್ಮ ನರ್ಸರಿ ಬೋರ್ಡಿಗೆ ಬಂದು ಮುಟ್ಟಿದ್ದು ಆ ಸಂಖ್ಯೆ ಮಾತ್ರ.

ಕಷಾಯದ ಲೆಕ್ಕವನ್ನೂ ಹಾಕೋಣ, ನಾವು ಲೆಕ್ಕ ಬಲ್ಲವರು. ಎಲೆಯ ಸಾರ ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇದ್ದಾಗ ಅರ್ಧ ಕೋಶ ಸತ್ತವು ಅಂತ ಇಟ್ಟುಕೊಳ್ಳಿ. ಇಂಥ ಅಂಕಿ ಪ್ರಬಂಧಗಳಲ್ಲಿ ಧಾರಾಳ ಸಿಗುತ್ತೆ, "ಉತ್ತಮ ಪರಿಣಾಮ" ಎಂಬ ಷರಾ ಸಮೇತ. ನಿಜವಾಗಿ ಕಚ್ಚಾ ಸಾರಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹೆಸರಲ್ಲಿ ಬಳಕೆಯಲ್ಲಿರುವ ಗೆರೆ ಸುಮಾರು 20 ಮೈಕ್ರೋಗ್ರಾಂ. ಅದಕ್ಕಿಂತ ಮೇಲೆ ಹೋದರೆ ಮುಂದೆ ನೋಡುವುದೇ ಬೇಡ ಅಂತ. ಇರಲಿ, 100 ಅಂತಲೇ ಹಿಡಿಯೋಣ. ಮನುಷ್ಯನ ರಕ್ತ ಸುಮಾರು 5 ಲೀಟರ್. ಅಷ್ಟೂ ರಕ್ತದಲ್ಲಿ ಅದೇ ಸಾಂದ್ರತೆ ಬರಬೇಕಾದರೆ ಅರ್ಧ ಗ್ರಾಂ ಸಾರ ರಕ್ತದಲ್ಲಿ ಇರಬೇಕು. ಹೊಟ್ಟೆಗೆ ಹೋದದ್ದರಲ್ಲಿ ನೂರಕ್ಕೆ ಎರಡು ಪಾಲು ರಕ್ತಕ್ಕೆ ಸೇರುತ್ತೆ ಅಂದುಕೊಂಡರೂ 25 ಗ್ರಾಂ ಸಾರ ಕುಡೀಬೇಕು. ಒಣ ಎಲೆಯ ಹತ್ತನೇ ಒಂದು ಪಾಲು ಸಾರ ಅಂತ ಹಿಡಿದರೆ 250 ಗ್ರಾಂ ಒಣ ಎಲೆ, ಹಸಿಯಲ್ಲಿ ಮುಕ್ಕಾಲು ಕೆ.ಜಿ. ಹತ್ತಿರ. ಅದೂ ಒಂದು ಸಲ ಅಲ್ಲ, ಬಟ್ಟಲಲ್ಲಿ ಸಾರ ಎರಡು ದಿನ ಅಲುಗದೆ ಕೂತಿತ್ತು. ದೇಹದಲ್ಲಿ ಪಿತ್ತಜನಕಾಂಗ, ಮೂತ್ರಪಿಂಡ ಎರಡೂ ಅದನ್ನು ಹೊರಗೆ ಹಾಕುತ್ತಲೇ ಇರುತ್ತವೆ. ಮೇಲಾಗಿ ಲ್ಯಾಬಿನವರು ತೆಗೆದದ್ದು ಮೆಥನಾಲಿನಲ್ಲಿ. ಅಸಿಟೋಜೆನಿನ್ ಮೇಣದಂಥ ವಸ್ತು, ನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಐದಾರು ಎಲೆ ಕುದಿಸಿ ಕುಡಿಯುವವರು ಕುಡಿಯುತ್ತಿರುವುದು ಆ ಪ್ರಬಂಧದಲ್ಲಿರುವ ವಸ್ತುವನ್ನಲ್ಲ.

"ಹಾಗಾದರೆ ಜಾಸ್ತಿ ಕುಡಿದರಾಯ್ತು, ಹಣ್ಣಿನ ಮರದ ಎಲೆ ತಾನೆ, ಏನು ತೊಂದರೆ" ಅನ್ನಬಹುದು. ತೊಂದರೆ ಇದೆ. ಅಸಿಟೋಜೆನಿನ್ ಕೋಶವನ್ನು ಸಾಯಿಸುವುದು ಹೇಗೆ? ಕೋಶದೊಳಗೆ ಶಕ್ತಿ ತಯಾರು ಮಾಡುವ ಮೈಟೋಕಾಂಡ್ರಿಯಾದ ಮೊದಲ ಹಂತವನ್ನೇ ಬಂದ್ ಮಾಡುತ್ತೆ. ಮೈಟೋಕಾಂಡ್ರಿಯಾ ಕ್ಯಾನ್ಸರ್ ಕೋಶಕ್ಕೂ ಇದೆ, ನಮ್ಮ ಮಿದುಳಿನ ಕೋಶಕ್ಕೂ ಇದೆ. ಒಬ್ಬ ಕಳ್ಳನ ಮನೆ ಕರೆಂಟು ತೆಗೆಯಲು ಊರಿನ ಟ್ರಾನ್ಸ್‌ಫಾರ್ಮರ್ ಇಳಿಸಿದ ಹಾಗೆ. ಸೀತಾಫಲದ ಬೀಜ ಅರೆದು ತಲೆಗೆ ಹಚ್ಚಿದರೆ ಹೇನು ಸಾಯುತ್ತೆ, ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತೆ ಅಂತ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಇದೂ ಅದೇ ಗುಂಪಿನ ವಿಷ, ಅದೇ ಕುಟುಂಬದ ಮರ.

ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಅಂತ ಒಂದು ದ್ವೀಪ ಇದೆ. ಅಲ್ಲಿ ಲಕ್ಷ್ಮಣ ಫಲ ಮನೆಮನೆಯ ಹಣ್ಣು, ಎಲೆಯ ಕಷಾಯವೂ ರೂಢಿ. ಅಲ್ಲಿ ಪಾರ್ಕಿನ್ಸನ್‌ನಂಥ, ಆದರೆ ಪಾರ್ಕಿನ್ಸನ್ ಔಷಧಕ್ಕೆ ಸರಿಯಾಗಿ ಬಗ್ಗದ ನಡುಕದ ಕಾಯಿಲೆ ಅಸಹಜವಾಗಿ ಹೆಚ್ಚು ಕಂಡಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಆ ರೋಗಿಗಳಿಗೂ ಈ ಹಣ್ಣು, ಕಷಾಯದ ಬಳಕೆಗೂ ನಂಟು ತೋರಿಸಿತು. ಆಮೇಲೆ ಈ ಮರದ ಅನೋನಾಸಿನ್ ಎಂಬ ಅಸಿಟೋಜೆನಿನ್ನನ್ನು ಇಲಿಗಳಿಗೆ ನೇರ ರಕ್ತಕ್ಕೆ ಕೊಟ್ಟಾಗ ಮಿದುಳಿನ ನರಕೋಶಗಳು ಸತ್ತವು. ಹಣ್ಣೇ ಕಾರಣ ಅಂತ ಕೊನೆಯ ತೀರ್ಪು ಬಂದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಯಾವಾಗಲೋ ಒಂದು ಹಣ್ಣು ತಿಂದವರು ಹೆದರಬೇಕಾಗಿಲ್ಲ. ಆದರೆ ದಿನಾ ಬೆಳಿಗ್ಗೆ ಸಂಜೆ ಕಷಾಯ ಕುಡಿಯಿರಿ ಅಂತ ರೋಗಿಗೆ ಹೇಳುವವರು ಈ ಮಾತನ್ನು ಯಾವತ್ತಾದರೂ ಹೇಳಿದ್ದನ್ನು ಕೇಳಿದ್ದೀರಾ?

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಖಂಡಿತ ಬರುತ್ತೆ. "ಕ್ಯಾನ್ಸರ್ ಔಷಧಗಳು ಗಿಡದಿಂದಲೇ ಬಂದಿಲ್ಲವಾ?" ಬಂದಿವೆ. ನಮ್ಮ ತುಳಸಿ ಕಟ್ಟೆಯ ಪಕ್ಕದ ನಿತ್ಯಪುಷ್ಪದಿಂದಲೇ ಬಂದಿವೆ. ಅದರ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆ ಇತ್ತು. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದಾಗ ಸಕ್ಕರೆಗೆ ಏನೂ ಆಗಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ಆ ಜಾಡು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಹೊರಬಂತು, ಅದರ ಬೆನ್ನಿಗೇ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್. ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ವಿನ್‌ಕ್ರಿಸ್ಟಿನ್ ಮುಖ್ಯ ಔಷಧ. ಆದರೆ ಅದನ್ನು ಕೊಡುವುದು ಒಂದು ಸಲಕ್ಕೆ ಹೆಚ್ಚೆಂದರೆ 2 ಮಿಲಿಗ್ರಾಂ, ಅದೂ ರಕ್ತನಾಳಕ್ಕೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗುತ್ತೆ. ನಿತ್ಯಪುಷ್ಪಕ್ಕೆ ದನ ಬಾಯಿ ಹಾಕುವುದಿಲ್ಲ ಅನ್ನುವುದು ನಿಮಗೇ ಗೊತ್ತು. ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಕಿತ್ತರು, ಅದರ ಪ್ಯಾಕ್ಲಿಟ್ಯಾಕ್ಸೆಲ್ ಔಷಧವಾಗಿ ಒಪ್ಪಿಗೆ ಪಡೆದದ್ದು 1992ರಲ್ಲಿ. 30 ವರ್ಷ. ನಮ್ಮ ಪಶ್ಚಿಮ ಘಟ್ಟದಲ್ಲಿ ಮರಾಠಿಗರು ನರಕ್ಯಾ ಅಂತ ಕರೆಯುವ ಮರ ಇದೆ. ಅದರಲ್ಲಿ ಕ್ಯಾಂಪ್ಟೋಥೆಸಿನ್ ಇದೆ, ಅದರಿಂದ ತಯಾರಾಗುವ ಔಷಧಗಳೂ ಆಸ್ಪತ್ರೆಗಳಲ್ಲಿವೆ.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಇದರಲ್ಲಿ ತಿನ್ನುವ ಗಿಡ ಯಾವುದಿದೆ? ಒಂದೂ ಇಲ್ಲ. ಎಲ್ಲವೂ ವಿಷದ ಗಿಡ. ತಿನ್ನುವ ಗಿಡ ಅಂದರೇನು? ಸಾವಿರಾರು ವರ್ಷ ನಮ್ಮ ಹಿರಿಯರು ತಿಂದು ನೋಡಿ, ಕೋಶ ಕೊಲ್ಲುವುದನ್ನೆಲ್ಲ ಪಕ್ಕಕ್ಕಿಟ್ಟು, ಕೊಲ್ಲದಿರುವುದನ್ನು ತಟ್ಟೆಗೆ ತಂದದ್ದು. ಅದು ನಮ್ಮ ಊಟದ ಗುಣ, ಕೊರತೆ ಅಲ್ಲ. ಅದರಲ್ಲೇ ಕೋಶ ಕೊಲ್ಲುವ ಔಷಧವನ್ನೂ ಹುಡುಕುವುದು ಹಸುವಿನ ಕೊಟ್ಟಿಗೆಯಲ್ಲಿ ಹುಲಿ ಹುಡುಕಿದ ಹಾಗೆ. ಅಮೆರಿಕದ ಕ್ಯಾನ್ಸರ್ ಸಂಸ್ಥೆ 1960ರಿಂದ 1981ರ ತನಕ ಸಾವಿರಾರು ಜಾತಿಯ ಗಿಡಗಳಿಂದ ತೆಗೆದ ಸುಮಾರು 1,14,000 ಸಾರಗಳನ್ನು ಪರೀಕ್ಷಿಸಿತು. ಅಷ್ಟರಲ್ಲಿ ಕೊನೆಗೆ ದೊಡ್ಡ ಔಷಧವಾಗಿ ನಿಂತದ್ದು ಮೇಲೆ ಹೇಳಿದ ಎರಡರ ಸಂತಾನ: ಯೂ ಮರದ್ದು ಮತ್ತು ಕ್ಯಾಂಪ್ಟೋಥೆಸಿನ್‌ನದ್ದು.

ತಿನ್ನುವ ಗಿಡಗಳಲ್ಲಿ ಅತಿ ಹೆಚ್ಚು ಪರೀಕ್ಷೆ ಆದದ್ದು ಅರಿಶಿನದ ಕರ್ಕ್ಯುಮಿನ್. ಬಟ್ಟಲಲ್ಲಿ ಅದು ಎಲ್ಲವನ್ನೂ ಗೆಲ್ಲುತ್ತೆ. 2017ರಲ್ಲಿ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಬಂದ ವಿಮರ್ಶೆ, ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ನಡೆದಿದ್ದರೂ ಕಟ್ಟುನಿಟ್ಟಿನ ಒಂದು ಪ್ರಯೋಗದಲ್ಲೂ ಅದು ಗೆದ್ದಿಲ್ಲ ಅಂತ ಹೇಳಿತು. ತಿಂದರೆ ರಕ್ತಕ್ಕೆ ಸೇರುವುದೇ ಅಪರೂಪ. ಜೊತೆಗೆ ಅದರ ಬಣ್ಣ, ರಾಸಾಯನಿಕ ಗುಣಗಳೇ ಪರೀಕ್ಷೆಯನ್ನು ಮೋಸಗೊಳಿಸುತ್ತವೆ. ಅರಿಶಿನದ ಬೆಲೆ ಅದರಿಂದ ಕಮ್ಮಿ ಆಗಲಿಲ್ಲ, ಸಾರಿಗೆ ಹಾಕುವುದನ್ನು ಯಾರೂ ಬಿಡಲಿಲ್ಲ. ಅರಿಶಿನ ಅರಿಶಿನವಾಗಿಯೇ ಬಾಳುತ್ತೆ.

ಈಗ ನಮ್ಮ ಹುಣ್ಣಿಗೇ ಕೈ ಹಾಕುತ್ತೇನೆ: ಅಡಿಕೆ. ನನ್ನ ಮನೆ ನಡೆಯುವುದೂ ಅಡಿಕೆಯಿಂದಲೇ, ಹಾಗಾಗಿ ಹೊರಗಿನವನ ಮಾತು ಅಂತ ತಳ್ಳಬೇಡಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅಡಿಕೆಯನ್ನು ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದಿನಿಂದ ನಮ್ಮ ಗುಂಪುಗಳಲ್ಲಿ ಓಡಾಡುವ ಗುರಾಣಿ ಒಂದೇ: "ಅಡಿಕೆ ಸಾರದಿಂದ ಕ್ಯಾನ್ಸರ್ ಕೋಶ ಸಾಯುತ್ತೆ, ಆದ್ದರಿಂದ ಅಡಿಕೆ ಕ್ಯಾನ್ಸರ್ ಕಾರಕ ಅಲ್ಲ." ಈ "ಆದ್ದರಿಂದ" ಇದೆಯಲ್ಲ, ಅದು ನಿಲ್ಲುವುದಿಲ್ಲ. ಸೈಕ್ಲೋಫಾಸ್ಫಮೈಡ್ ಅಂತ ಒಂದು ಔಷಧ ಇದೆ. ದಶಕಗಳಿಂದ ಕ್ಯಾನ್ಸರ್‌ಗೆ ಕೊಡುತ್ತಿದ್ದಾರೆ. ಅದೇ ಔಷಧ ಐಎಆರ್‌ಸಿಯ ಅದೇ ಮೊದಲ ಗುಂಪಿನಲ್ಲೂ ಇದೆ! ಕ್ಯಾನ್ಸರ್ ಕೋಶವನ್ನು ಕೊಲ್ಲುವುದೂ ಕ್ಯಾನ್ಸರ್ ತರುವುದೂ ಒಂದೇ ವಸ್ತುವಿಗೆ ಸಾಧ್ಯ. ಕೋಶಕ್ಕೆ ಪೆಟ್ಟು ಕೊಡುವುದು ಕೆಲವು ಸಲ ಎರಡೂ ಕೆಲಸ ಮಾಡುತ್ತೆ. ಬಟ್ಟಲಿನ ಸಾಕ್ಷಿ ಅಡಿಕೆಯನ್ನು ಖುಲಾಸೆ ಮಾಡುವುದಿಲ್ಲ. ಐಎಆರ್‌ಸಿ ನೋಡಿದ್ದು ಮನುಷ್ಯರನ್ನು. ತೈವಾನಿನಂಥ ಕಡೆ ತಂಬಾಕು ಹಾಕದೆ ವೀಳ್ಯ ಜಗಿಯುವವರ ಬಾಯನ್ನೂ. ಮನುಷ್ಯರ ಸಾಕ್ಷಿಗೆ ಉತ್ತರ ಕೊಡಬೇಕಾದರೆ ಮನುಷ್ಯರ ಸಾಕ್ಷಿಯೇ ಬೇಕು.

ನಾವು ಕೇಳಬೇಕಾದದ್ದು ಅದನ್ನೇ. ತಂಬಾಕು, ಗುಟ್ಕಾ ಇಲ್ಲದೆ ಬರೀ ಅಡಿಕೆ ಹಾಕುವ ನಮ್ಮವರ ಮೇಲೆ ದೊಡ್ಡ, ಪ್ರಾಮಾಣಿಕ ಅಧ್ಯಯನ ಆಗಲಿ. ಚಾಲಿ ಬೇರೆ, ಬೇಯಿಸಿದ ಕೆಂಪಡಿಕೆ ಬೇರೆ, ಹಸಿ ಬೇರೆ ಮಾಡಿ ನೋಡಲಿ. ಫಲಿತಾಂಶ ಏನೇ ಬರಲಿ, ಒಪ್ಪೋಣ. ವಿರುದ್ಧ ಬಂದರೆ ಪರ್ಯಾಯ ಬೆಳೆಗೆ ಸರ್ಕಾರದ ಕೈ ಹಿಡಿಯಲು ಅದೇ ನಮಗೆ ಆಧಾರ. ಪರವಾಗಿ ಬಂದರೆ ತಲೆ ಎತ್ತಿ ಮಾರೋಣ. ಬಟ್ಟಲಿನ ಸುದ್ದಿ ಹಿಡಿದು ಕೂತರೆ ಎರಡೂ ಕೈ ತಪ್ಪುತ್ತೆ. ಲಕ್ಷ್ಮಣ ಫಲಕ್ಕೆ ಒಂದು ತಕ್ಕಡಿ, ಅಡಿಕೆಗೆ ಇನ್ನೊಂದು ತಕ್ಕಡಿ ಇಟ್ಟುಕೊಂಡವನನ್ನು ಮಂಡಿಯಲ್ಲಿ ನಾವೇ ಕಳ್ಳ ಅನ್ನುತ್ತೇವೆ.

"ನಂಬಿದವರು ಕುಡಿಯಲಿ, ನಿನಗೇನು ನಷ್ಟ" ಅಂದರೆ, ನಷ್ಟ ಕುಡಿದವರದ್ದು. ಕಷಾಯದ ಜೊತೆ ಆಸ್ಪತ್ರೆಗೂ ಹೋಗುವವರದ್ದು ಒಂದು ಪಾಡು. ಕಷಾಯ ನಂಬಿ ಆಸ್ಪತ್ರೆ ಬಿಟ್ಟವರದ್ದು ಬೇರೆ. ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಬೇರೆಡೆ ಹರಡದ ಕ್ಯಾನ್ಸರ್ ಇದ್ದು ಪರ್ಯಾಯ ಪದ್ಧತಿಯನ್ನು ಮಾತ್ರ ಆರಿಸಿಕೊಂಡ 281 ಜನರನ್ನು ನೋಡಿದರು. ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಅವರ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ಗುಣವಾಗಬಹುದಾಗಿದ್ದ ಹಂತದಲ್ಲಿ ಮೂರು ತಿಂಗಳು ಎಲೆ ಕುದಿಸುತ್ತ ಕೂತು, ಆಮೇಲೆ ಬೆಂಗಳೂರಿನ ಕಿದ್ವಾಯಿಗೆ ಹೋದರೆ ಅಲ್ಲಿಯ ವೈದ್ಯರು ಕಳೆದ ಮೂರು ತಿಂಗಳನ್ನು ಎಲ್ಲಿಂದ ತರುತ್ತಾರೆ? ಆ ಎಲೆ ನನ್ನ ಮರದ್ದಾಗುವುದು ನನಗೆ ಬೇಡ. ನಾನು ಎಲೆ ಕೊಡದಿರುವುದಕ್ಕೆ ಕಾರಣ ಇದು.

ಕಾನೂನೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಗುಣಪಡಿಸುತ್ತೆ ಅಂತ ಜಾಹೀರಾತು ಮಾಡುವುದು ಅಪರಾಧ. ಚೀಟಿ, ಲೇಬಲ್ಲು ಕೂಡ ಜಾಹೀರಾತೇ. ಎಲೆಪುಡಿ ಪ್ಯಾಕೆಟ್ ಮಾಡಿ ಮಾರಲು ಹೊರಟಿರುವ ನಮ್ಮ ಹುಡುಗರು ಇದನ್ನು ಗಮನಿಸಿ. ವ್ಯಾಪಾರದ ಲೆಕ್ಕದಲ್ಲೂ ಇದು ಕೊಳೆತ ಬುನಾದಿ. ವೆನಿಲ್ಲಾ ಏರಿದ್ದು, ಬಿದ್ದದ್ದು ನಾವೆಲ್ಲ ಕಂಡವರೇ. ಅದಕ್ಕಾದರೂ ಐಸ್‌ಕ್ರೀಮಿನವರ ನಿಜವಾದ ಬೇಡಿಕೆ ಇತ್ತು. ಹೆದರಿದ ಮನುಷ್ಯನ ಜೇಬನ್ನು ನಂಬಿ ಎಕರೆಗಟ್ಟಲೆ ಗಿಡ ಹಾಕುವವನಿಗೆ ಅದೂ ಇಲ್ಲ.

ಹಾಗಾದರೆ ಮಾಡುವುದೇನು? ಲಕ್ಷ್ಮಣ ಫಲ ನೆಡಿ, ಹಣ್ಣಿಗಾಗಿ ನೆಡಿ. ಹುಳಿ ಸಿಹಿ ಬೆರೆತ ಒಳ್ಳೆ ತಿರುಳು, ಜ್ಯೂಸಿಗೆ, ಐಸ್‌ಕ್ರೀಮಿಗೆ ಹೇಳಿ ಮಾಡಿಸಿದ ಹಾಗಿದೆ. ಬೀಜ ತೆಗೆದೇ ಬಳಸಿ. ಕಾಲೇಜಿನ ಹುಡುಗರು ಪರೀಕ್ಷೆಗೆ ಎಲೆ ಕೇಳಿ ಬಂದರೆ ಧಾರಾಳ ಕೊಡಿ, ನಾನೂ ಕೊಡುತ್ತೇನೆ. ಆದರೆ ಜೊತೆಗೆ ಐದು ಪ್ರಶ್ನೆ ಕೇಳಿ. ಗಿಡದ ಯಾವ ಭಾಗ, ಯಾವ ದ್ರಾವಕದಲ್ಲಿ ತೆಗೆದಿರಿ? ಎಷ್ಟು ಮೈಕ್ರೋಗ್ರಾಮಿಗೆ ಕೋಶ ಸತ್ತವು? ಆರೋಗ್ಯವಂತ ಕೋಶದ ಮೇಲೂ ಹಾಕಿ ನೋಡಿದಿರಾ? ಬಾಯಿಂದ ಕೊಟ್ಟಾಗ ಪ್ರಾಣಿಯ ರಕ್ತಕ್ಕೆ ಎಷ್ಟು ಸೇರಿತು? ಮನುಷ್ಯರ ಮೇಲೆ ಪ್ರಯೋಗ ಆಗಿದೆಯಾ? ಒಳ್ಳೆ ಸಂಶೋಧಕ ಈ ಪ್ರಶ್ನೆ ಕೇಳಿದರೆ ಖುಷಿ ಪಡುತ್ತಾನೆ. ಗಿಡ ಮಾರುವವನು ಸಿಟ್ಟಾಗುತ್ತಾನೆ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ.

ಮುಂದಿನ ಸಲ ನರ್ಸರಿಗೆ ಹೋದಾಗ ಆ ಬೋರ್ಡು ಕಂಡರೆ, ಗಿಡ ತೆಗೆದುಕೊಳ್ಳಿ, ಆದರೆ ಬೋರ್ಡು ಇಳಿಸಿ ಅಂತ ಹೇಳಿಯೇ ಬನ್ನಿ. ಹತ್ತು ಜನ ಗಿರಾಕಿಗಳು ಹೇಳಿದರೆ ಇಳಿಸುತ್ತಾರೆ.

ಬೇರೆ ಅಭಿಪ್ರಾಯ ಇದ್ದವರು ಬರೆಯಿರಿ, ಚರ್ಚೆ ಮಾಡೋಣ. ನನ್ನ ಅಂಕಿಯಲ್ಲಿ ತಪ್ಪಿದ್ದರೆ ಸರಿ ಅಂಕಿ ಕೊಡಿ. ಯೂಟ್ಯೂಬ್ ವಿಡಿಯೋ ಮಾತ್ರ ಕಳಿಸಬೇಡಿ.